ಹಳೆಯ ಪ್ಲಗ್‌ಇನ್ ಪಾಠಗಳನ್ನು ವಿಕಲಚೇತನ ವಿದ್ಯಾರ್ಥಿಗಳೂ ಬಳಸುವಂತೆ ಮಾಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಧಾರವಾಡದ ಕೋಚಿಂಗ್ ಕೇಂದ್ರಗಳವರು, ಗದುಗಿನ ಶಾಲಾ ಶಿಕ್ಷಕರು, ರಾಣೆಬೆನ್ನೂರಿನ ಕಂಪ್ಯೂಟರ್ ಬೋಧಕರು ಎಲ್ಲರೂ ಹೇಳುವುದು ಒಂದೇ ಮಾತು: "ಹಳೆಯ ಫ್ಲ್ಯಾಶ್ ಪಾಠ ಹೇಗೋ ಮತ್ತೆ ಓಡುತ್ತಿದೆ. ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಕಣ್ಣು ಕಾಣದ ವಿದ್ಯಾರ್ಥಿಗೆ ಅದರಿಂದ ಒಂದಕ್ಷರವೂ ಕೇಳಿಸುತ್ತಿಲ್ಲ." ಫ್ಲ್ಯಾಶ್ ಎಂದರೆ ಬ್ರೌಸರಿಗೆ ಜೋಡಿಸುತ್ತಿದ್ದ ಹೆಚ್ಚುವರಿ ತಂತ್ರಾಂಶ, ಅಂದರೆ ಒಂದು ಪ್ಲಗ್‌ಇನ್. ಇವರೆಲ್ಲ ಎಡವುತ್ತಿರುವ ಜಾಗವೂ ಒಂದೇ. ಪಾಠ ತುಂಬಿಟ್ಟ ಪೆಟ್ಟಿಗೆಯನ್ನು ದುರಸ್ತಿ ಮಾಡಲು ಹೊರಡುತ್ತಾರೆ. ಮಾಡಬೇಕಾದದ್ದು ಒಳಗಿರುವುದನ್ನು ಹೊರಗೆ ತೆಗೆದು ಬೇರೆ ರೀತಿಯಲ್ಲಿ ಜೋಡಿಸುವ ಕೆಲಸ.

ಇಲ್ಲಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ಮಾಡಿದ ಕೆಲಸವನ್ನೇ ಎರಡೆರಡು ಸಲ ಮಾಡಬೇಕಾಗುತ್ತದೆ. ಫ್ಲ್ಯಾಶ್ ಪಾಠಗಳಿಗಷ್ಟೇ ಅಲ್ಲ, ಜಾವಾ ಆಪ್ಲೆಟ್, ಸಿಲ್ವರ್‌ಲೈಟ್, ಈಗಿನ ಕ್ಯಾನ್ವಾಸ್ (ಪುಟದಲ್ಲಿ ಚಿತ್ರ ಬಿಡಿಸುವ ಜಾಗ) ಆಟಗಳು, ಪುಟದೊಳಗೆ ತಂದು ಕೂರಿಸಿದ ನಕ್ಷೆ ಮತ್ತು ರಸಪ್ರಶ್ನೆಗಳಿಗೂ ಇದು ಅನ್ವಯಿಸುತ್ತದೆ. ತಂತ್ರಜ್ಞಾನ ಬದಲಾಗಿದ್ದರೂ ರೋಗ ಹಳೆಯದೇ.

ಶುರು ಮಾಡುವ ಮುನ್ನ: ಏನೇನು ಬೇಕು

ವಿಂಡೋಸ್ ಕಂಪ್ಯೂಟರ್, ಹೆಡ್‌ಫೋನ್, ಕ್ರೋಮ್ ಅಥವಾ ಫೈರ್‌ಫಾಕ್ಸ್ ಬ್ರೌಸರ್, ಒಂದು ಆಂಡ್ರಾಯ್ಡ್ ಮೊಬೈಲ್. ಇವುಗಳ ಜೊತೆಗೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ) ಹಾಕಿಕೊಳ್ಳಿ, ಅದು ಉಚಿತ. ಅದರೊಂದಿಗೇ ಬರುವ ಇಸ್ಪೀಕ್ ಧ್ವನಿಯಲ್ಲಿ ಕನ್ನಡವೂ ಇದೆ. ಇನ್ಸರ್ಟ್, ಕಂಟ್ರೋಲ್, ವಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಧ್ವನಿಯ ಸೆಟ್ಟಿಂಗ್ ತೆರೆಯುತ್ತದೆ. ಅಲ್ಲಿ ಕನ್ನಡ ಆರಿಸಿ, ಭಾಷೆ ತಾನಾಗಿ ಬದಲಾಗುವ ಆಯ್ಕೆಗೂ ಗುರುತು ಹಾಕಿ. ಧ್ವನಿ ಯಂತ್ರದಂತೆ ಕೇಳಿಸುತ್ತದೆ, ಒಂದೆರಡು ದಿನದಲ್ಲಿ ಕಿವಿ ಒಗ್ಗುತ್ತದೆ. ಎನ್‌ವಿಡಿಎ ಮೆನುವಿನ ಟೂಲ್ಸ್ ವಿಭಾಗದಲ್ಲಿ ಸ್ಪೀಚ್ ವ್ಯೂವರ್ ಎಂಬುದಿದೆ. ಅದು ಹೇಳುವ ಪ್ರತಿಯೊಂದು ಮಾತನ್ನೂ ಅಕ್ಷರದಲ್ಲಿ ತೋರಿಸುವುದರಿಂದ ಹೊಸಬರಿಗೆ ದೊಡ್ಡ ಆಸರೆ.

ಫ್ಲ್ಯಾಶ್ ಕಡತದಿಂದ ಪಠ್ಯ, ಚಿತ್ರ, ಧ್ವನಿ ಬಿಡಿಸಿಕೊಳ್ಳಲು ಜೆಪೆಕ್ಸ್ ಎಂಬ ಉಚಿತ ತಂತ್ರಾಂಶ ಬೇಕು. ನುಡಿ ಅಥವಾ ಬರಹದ ಹಳೆಯ ಅಕ್ಷರಗಳನ್ನು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಸಂಕೇತವಾದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕವೂ ಬೇಕು.

ಒಂದು ಕೆಲಸವನ್ನು ಮಾತ್ರ ಮಾಡಲೇಬೇಡಿ. ಎಲ್ಲಿಂದಲೋ ಹಳೆಯ ಫ್ಲ್ಯಾಶ್ ಪ್ಲೇಯರ್ ತಂದು ಹಾಕುವುದು, ಅದಕ್ಕಾಗಿ ಹಳೆಯ ಬ್ರೌಸರ್ ಹುಡುಕುವುದು ಬೇಡ. ಅಡೋಬಿ ಕಂಪನಿ ಅದನ್ನು 2020ರ ಡಿಸೆಂಬರ್ 31ಕ್ಕೆ ನಿಲ್ಲಿಸಿತು. 2021ರ ಜನವರಿ 12ರಿಂದ ಪ್ಲೇಯರ್ ತಾನೇ ಪಾಠಗಳನ್ನು ತಡೆಯತೊಡಗಿತು. ಅಂದಿನಿಂದ ಅದರ ಭದ್ರತಾ ದೋಷಗಳನ್ನು ಅಡೋಬಿ ಮುಚ್ಚುತ್ತಿಲ್ಲ. ವಿದ್ಯಾರ್ಥಿಗಳ ಅರ್ಜಿ, ಅಂಕಪಟ್ಟಿ ಇರುವ ಕಂಪ್ಯೂಟರಿಗೆ ಇಂಥದ್ದನ್ನು ತರುವುದು ದೊಡ್ಡ ಅಪಾಯ.

ಹಂತ 1: ಮೌಸ್ ಕಳಚಿ ಪರೀಕ್ಷಿಸಿ

ಮೌಸ್‌ನ ತಂತಿಯನ್ನು ಕಂಪ್ಯೂಟರಿನಿಂದ ಕಳಚಿ. ಪಕ್ಕಕ್ಕೆ ಸರಿಸಿಟ್ಟರೆ ಸಾಲದು, ಕೈ ಗೊತ್ತಿಲ್ಲದೇ ಅದರತ್ತ ಹೋಗುತ್ತದೆ. ಈಗ ಪಾಠದ ಪುಟ ತೆರೆದು ಟ್ಯಾಬ್ ಕೀಲಿಯನ್ನು ಒಂದೊಂದಾಗಿ ಒತ್ತುತ್ತಾ ಹೋಗಿ. ಪ್ರತಿ ಒತ್ತಿಗೂ ನೀವು ಎಲ್ಲಿದ್ದೀರಿ ಎಂಬುದು ಕಣ್ಣಿಗೆ ಕಾಣಬೇಕು. ಬಟನ್ ಸುತ್ತ ಗೆರೆಯೋ ಬಣ್ಣವೋ ಮೂಡಬೇಕು. ಪಾಠದೊಳಗೆ ಹೋಗಲು ಬರಬೇಕು, ಹೊರಗೆ ಬರಲೂ ಬರಬೇಕು.

ಈ ಹೊರಗೆ ಬರುವುದೇ ಹಳೆಯ ಪ್ಲಗ್‌ಇನ್‌ಗಳ ಅತಿ ದೊಡ್ಡ ತೊಂದರೆಯಾಗಿತ್ತು. ಒಳಗೆ ಸಿಕ್ಕಿಕೊಂಡ ಫೋಕಸ್ (ಕೀಬೋರ್ಡ್ ಈಗ ನಿಂತಿರುವ ಜಾಗ) ಅಲ್ಲೇ ಗಿರಗಿರ ಸುತ್ತುತ್ತದೆ. ಪುಟದ ಉಳಿದ ಭಾಗ ಇಲ್ಲವೇ ಇಲ್ಲ ಎಂಬಂತಾಗುತ್ತದೆ. ಎನ್‌ವಿಡಿಎ ಬಳಸುವವರು ಇನ್ಸರ್ಟ್, ಕಂಟ್ರೋಲ್, ಸ್ಪೇಸ್ ಒಟ್ಟಿಗೆ ಒತ್ತಿ ಹೊರಬರಬಹುದು. ಆದರೆ ಕೈ ನಡುಕದಿಂದಾಗಿ ಮೌಸ್ ಹಿಡಿಯಲಾಗದೆ ಬರೀ ಕೀಬೋರ್ಡ್ ಬಳಸುವವರಿಗೆ ಆ ದಾರಿಯೂ ಇಲ್ಲ. ಪುಟವನ್ನೇ ಮುಚ್ಚಬೇಕು, ಅಲ್ಲಿಯವರೆಗೆ ಬರೆದ ಉತ್ತರಗಳೆಲ್ಲ ಹೋದವು.

ಎರಡನೆಯ ಸುತ್ತಿಗೆ ಎನ್‌ವಿಡಿಎ ಚಾಲೂ ಮಾಡಿ, ಮಾನಿಟರ್ ಆಫ್ ಮಾಡಿ. ಎಚ್ ಒತ್ತಿದರೆ ಶೀರ್ಷಿಕೆಯಿಂದ ಶೀರ್ಷಿಕೆಗೆ, ಬಿ ಒತ್ತಿದರೆ ಬಟನ್‌ನಿಂದ ಬಟನ್‌ಗೆ, ಓ ಒತ್ತಿದರೆ ಪುಟದೊಳಗೆ ಕೂರಿಸಿದ ವಸ್ತುವಿಗೆ ಹೋಗುತ್ತೀರಿ. ಎಂಟರ್ ಒತ್ತಿ ಆ ವಸ್ತುವಿನ ಒಳಗೆ ಹೋಗಿ ಕೇಳಿ. ಎಚ್ಚರಿಕೆಯ ಸೂಚನೆಗಳು ಇವು: ಪೂರ್ಣ ಮೌನ, "ಗ್ರಾಫಿಕ್" ಎಂಬ ಒಂದೇ ಪದ, ಹೆಸರಿಲ್ಲದ "ಬಟನ್, ಬಟನ್, ಬಟನ್", ಇಲ್ಲವೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸುರಿಮಳೆ. ಯಾವ ಪುಟದಲ್ಲಿ ಯಾವುದು ಕೇಳಿಸಿತು ಎಂದು ಬರೆದಿಡಿ. ಮುಂದಿನ ಹಂತಕ್ಕೆ ಅದೇ ಆಧಾರ.

ಹಂತ 2: ಒಳಗಿರುವುದು ಏನೆಂದು ಗುರುತಿಸಿ

ಎಫ್12 ಒತ್ತಿದರೆ ಬ್ರೌಸರಿನ ಡೆವಲಪರ್ ಸಲಕರಣೆಗಳು ತೆರೆಯುತ್ತವೆ. ಅದರಲ್ಲಿ ಅಕ್ಸೆಸಿಬಿಲಿಟಿ ಎಂಬ ಭಾಗ ಹುಡುಕಿ. ಸ್ಕ್ರೀನ್ ರೀಡರಿಗೆ ಬ್ರೌಸರ್ ಏನನ್ನು ಒಪ್ಪಿಸುತ್ತದೆಯೋ ಅದರ ಪಟ್ಟಿ ಅಲ್ಲಿದೆ. ಆ ಪಟ್ಟಿಯಲ್ಲಿ ಇಲ್ಲದ್ದು ಅಂಧ ಬಳಕೆದಾರರ ಪಾಲಿಗೆ ಪುಟದಲ್ಲೇ ಇಲ್ಲ.

ಹಲವರು ರಫಲ್ ಎಂಬ ಎಮ್ಯುಲೇಟರ್ (ಹಳೆಯ ಪ್ಲೇಯರನ್ನು ಅನುಕರಿಸುವ ತಂತ್ರಾಂಶ) ಹಾಕಿ ಹಳೆಯ ಫ್ಲ್ಯಾಶ್ ಪಾಠ ತೆರೆದು, ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ರಫಲ್ ಒಳ್ಳೆಯ ಸಾಧನ, ಹಳೆಯ ಪಾಠದಲ್ಲಿ ಏನಿತ್ತು ಎಂದು ನೋಡಿಕೊಳ್ಳಲು ನಾನೂ ಅದನ್ನೇ ಬಳಸುತ್ತೇನೆ. ಆದರೆ ಅದು ಎಲ್ಲವನ್ನೂ ಕ್ಯಾನ್ವಾಸ್ ಮೇಲೆ ಚಿತ್ರವಾಗಿ ಬಿಡಿಸುತ್ತದೆ. ನಮಗೆ ವಾಕ್ಯವಾಗಿ ಕಾಣುವುದು ಬ್ರೌಸರಿಗೆ ಬರೀ ಚುಕ್ಕೆಗಳ ಗುಂಪು. ವಿದ್ಯಾರ್ಥಿಗೆ ಕೊಡುವ ಪಾಠ ಅದಾಗಬಾರದು.

ತಾನಾಗಿ ದೋಷ ಹುಡುಕುವ ತಪಾಸಣಾ ಸಾಧನಗಳನ್ನು ನಂಬಿ ಮೋಸ ಹೋಗುವವರೂ ಇದ್ದಾರೆ. ಕ್ಯಾನ್ವಾಸ್ ಒಳಗೆ ಆ ಸಾಧನಗಳಿಗೂ ಏನೂ ಕಾಣುವುದಿಲ್ಲ. ಇಡೀ ಪಾಠ ಕ್ಯಾನ್ವಾಸ್‌ನಲ್ಲಿದ್ದರೆ ವರದಿ "ದೋಷ ಸೊನ್ನೆ" ಎಂದು ಬರಬಹುದು. ಆ ಸೊನ್ನೆ ಬಂದಾಗಲೇ ಹೆಚ್ಚು ಅನುಮಾನಪಡಿ.

ಹಂತ 3: ಯಾವುದನ್ನು ಉಳಿಸುವುದು, ಯಾವುದನ್ನು ಬಿಡುವುದು

ಇದು ಒಂದು ಮಧ್ಯಾಹ್ನದ ಕೆಲಸ. ಪಾಠಗಳ ಪಟ್ಟಿ ಹಿಡಿದು ಮೂರು ಗುಂಪು ಮಾಡಿ: ಈಗಲೂ ಪಠ್ಯಕ್ರಮಕ್ಕೆ ಬೇಕಾದವು, ಬೇರೆಡೆ ಸಿದ್ಧವಾಗಿ ಸಿಗುವವು, ಯಾರಿಗೂ ಬೇಡವಾದವು. ವಿಜ್ಞಾನದ ಪ್ರಯೋಗಗಳನ್ನು ತೋರಿಸುವ ಜಾವಾ ಆಪ್ಲೆಟ್ ನಿಮ್ಮಲ್ಲಿದ್ದರೆ ಮೊದಲು ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಸಂಗ್ರಹ ನೋಡಿ. ಅವರು ತಮ್ಮ ಹಳೆಯ ಪ್ರಯೋಗಗಳಲ್ಲಿ ಬಹಳಷ್ಟನ್ನು ಈಗಿನ ಜಾಲಪುಟಗಳ ಭಾಷೆಯಾದ ಎಚ್‌ಟಿಎಂಎಲ್5ರಲ್ಲಿ ಮತ್ತೆ ಕಟ್ಟಿದ್ದಾರೆ. ಕೆಲವಕ್ಕೆ ಕೀಬೋರ್ಡ್ ಚಾಲನೆ, ಮಾತಿನ ವಿವರಣೆಯೂ ಇದೆ. ಎಲ್ಲಕ್ಕೂ ಇಲ್ಲ, ಆದ್ದರಿಂದ ಹಂತ 1ರ ಪರೀಕ್ಷೆಯನ್ನು ಅವುಗಳ ಮೇಲೂ ಮಾಡಿ.

ಹಂತ 4: ಪಠ್ಯವನ್ನು ಹೊರತೆಗೆದು ಯೂನಿಕೋಡ್ ಮಾಡಿ

ನಮ್ಮ ಕಡೆ ಅತಿ ಹೆಚ್ಚು ಸಮಯ ತಿನ್ನುವುದು ಈ ಹಂತ. ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಇದರ ಸುಳಿವೇ ಇರುವುದಿಲ್ಲ. ನಿಧಾನವಾಗಿ ಮಾಡಿ.

ನಿಮ್ಮ ಸಂಸ್ಥೆಯೇ ಮಾಡಿಸಿದ, ಹಕ್ಕು ನಿಮ್ಮದೇ ಆಗಿರುವ ಪಾಠಗಳನ್ನು ಜೆಪೆಕ್ಸ್‌ನಲ್ಲಿ ತೆರೆಯಿರಿ. ಬೇರೆಯವರ ಪಾಠವಾದರೆ ಮೊದಲು ಅವರಿಂದ ಒಪ್ಪಿಗೆಯ ಪತ್ರ ಪಡೆಯಿರಿ. ಎಡಗಡೆ ಪಠ್ಯ, ಚಿತ್ರ, ಧ್ವನಿ ಎಂದು ಬೇರೆ ಬೇರೆ ವಿಭಾಗ ಕಾಣುತ್ತದೆ. ಮೂರನ್ನೂ ಬೇರೆ ಬೇರೆ ಫೋಲ್ಡರಿಗೆ ಇಳಿಸಿಕೊಳ್ಳಿ.

ಪಠ್ಯ ತೆರೆದ ಕೂಡಲೇ ಹಲವರು ಗಾಬರಿಯಾಗುತ್ತಾರೆ. ಪರದೆಯಲ್ಲಿ ಅಚ್ಚುಕಟ್ಟಾಗಿ ಕನ್ನಡವಾಗಿ ಕಂಡದ್ದು ಇಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಕಡತ ಕೆಟ್ಟಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಬರೆದ "ಕನ್ನಡ" ಎಂಬ ಪದವನ್ನೇ ನೋಡಿ. ಒಳಗೆ ಅದು ಇಂಗ್ಲಿಷಿನ ದೊಡ್ಡ ಪಿ ಅಕ್ಷರದಿಂದ ಶುರುವಾಗುತ್ತದೆ, ನಡುವೆ ಬ್ರಿಟಿಷ್ ಪೌಂಡ್ ಹಣದ ಗುರುತು ಬರುತ್ತದೆ, ತಲೆಯ ಮೇಲೆ ಗೆರೆ ಹೊತ್ತ ಎ ಅಕ್ಷರಗಳು ಅಲ್ಲಲ್ಲಿ ಇರುತ್ತವೆ. ಫಾಂಟ್ ಅವುಗಳ ಮೇಲೆ ಕನ್ನಡದ ರೂಪ ತೊಡಿಸಿತ್ತು, ಅಷ್ಟೇ. ಸ್ಕ್ರೀನ್ ರೀಡರ್ ಫಾಂಟನ್ನು ನೋಡುವುದಿಲ್ಲ, ಒಳಗಿನ ಸಂಕೇತವನ್ನು ಓದುತ್ತದೆ. ಹಂತ 1ರಲ್ಲಿ ಅಕ್ಷರಗಳ ಸುರಿಮಳೆ ಕೇಳಿಸಿದ್ದರೆ ಕಾರಣ ಬಹುಪಾಲು ಇದೇ.

ಪರಿವರ್ತಕಕ್ಕೆ ಕೊಟ್ಟು ಯೂನಿಕೋಡ್ ಮಾಡಿಕೊಳ್ಳಿ, ಆಮೇಲೆ ಸಾಲು ಸಾಲಾಗಿ ಓದಿ. ಅರ್ಕಾವೊತ್ತು ಇರುವ ಪದಗಳಲ್ಲಿ ತಪ್ಪು ನುಸುಳುವುದು ಹೆಚ್ಚು: "ಕರ್ನಾಟಕ", "ಸೂರ್ಯ", "ವರ್ಗ" ಇಂಥವನ್ನು ಹುಡುಕಿ ನೋಡಿ. ನಡುವೆ ನಿಜವಾಗಿಯೂ ಇಂಗ್ಲಿಷಿನಲ್ಲೇ ಇದ್ದ ಪದಗಳನ್ನು ಪರಿವರ್ತಕ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರವಾಗಿಸಿಬಿಡುತ್ತದೆ. ರಸಾಯನಶಾಸ್ತ್ರದ ಸೂತ್ರಗಳು, ಗಣಿತದ ಅಕ್ಷರಗಳು ಹೀಗೆ ಹಾಳಾಗುವುದೇ ಹೆಚ್ಚು. ಅವನ್ನು ಕೈಯಾರೆ ತಿದ್ದಬೇಕು.

ಕೆಲವು ಪಾಠಗಳಲ್ಲಿ ಪಠ್ಯ ವಿಭಾಗವೇ ಖಾಲಿಯಿರುತ್ತದೆ. ಮಾಡಿದವರು ಅಕ್ಷರಗಳನ್ನು ಆಕೃತಿಗಳಾಗಿ ಒಡೆದಿದ್ದರೆ ಹೀಗಾಗುತ್ತದೆ. ಆಗ ಪರದೆಯ ಚಿತ್ರ ತೆಗೆದು, ಚಿತ್ರದಲ್ಲಿನ ಕನ್ನಡ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ಓಸಿಆರ್‌ಗೆ ಕೊಡಿ, ಉದಾಹರಣೆಗೆ ಟೆಸೆರಾಕ್ಟ್. ಸಣ್ಣ ಪಾಠವಾದರೆ ಕುಳಿತು ಮತ್ತೆ ಟೈಪ್ ಮಾಡುವುದೇ ಬೇಗ ಮುಗಿಯುತ್ತದೆ.

ಎಲ್ಲ ಮುಗಿದ ಮೇಲೆ ಪಠ್ಯವನ್ನು ಎನ್‌ವಿಡಿಎಯಿಂದ ಓದಿಸಿ, ಕಣ್ಣು ಮುಚ್ಚಿ ಕೇಳಿ. ಕಣ್ಣಿಗೆ ತಪ್ಪಿಸಿಕೊಂಡ ಅಕ್ಷರದೋಷ ಕಿವಿಗೆ ಸಿಕ್ಕಿಬೀಳುತ್ತದೆ.

ಹಂತ 5: ಓದುವ ಕ್ರಮವನ್ನು ಕಾಗದದ ಮೇಲೆ ಬರೆಯಿರಿ

ಹಳೆಯ ಪಾಠದಲ್ಲಿ ಎಲ್ಲವೂ ಪರದೆಯಲ್ಲಿ ಒಮ್ಮೆಗೇ ಕಾಣುತ್ತಿತ್ತು. ಕಿವಿಯಿಂದ ಓದುವವರಿಗೆ ಒಂದಾದ ಮೇಲೆ ಒಂದೇ ಬರುತ್ತದೆ. ಮೊದಲು ಶೀರ್ಷಿಕೆ, ನಂತರ ಏನು ಮಾಡಬೇಕೆಂಬ ಸೂಚನೆ, ನಂತರ ಪ್ರಶ್ನೆ, ಆಯ್ಕೆಗಳು, ಕೊನೆಗೆ ಉತ್ತರ ಒಪ್ಪಿಸುವ ಬಟನ್. ಸೂಚನೆ ಪುಟದ ತಳದಲ್ಲಿದ್ದರೆ ವಿದ್ಯಾರ್ಥಿ ಅದನ್ನು ಕೇಳುವುದು ಎಲ್ಲ ಮುಗಿದ ಮೇಲೆ. ಈ ಪಟ್ಟಿ ಇಲ್ಲದೆ ಕೋಡ್ ಬರೆಯಲು ಕೂರಬೇಡಿ.

ಹಂತ 6: ನಿಜವಾದ ಬಟನ್, ನಿಜವಾದ ಆಯ್ಕೆಗಳಿಂದ ಕಟ್ಟಿ

ಪುಟದ ಮೊದಲ ಟ್ಯಾಗ್‌ನಲ್ಲೇ ಭಾಷೆ ಕನ್ನಡ ಎಂದು ಹೇಳಿ. ಈ ಒಂದು ಗುಣ ಮರೆತರೆ ಕನ್ನಡ ಪಠ್ಯವನ್ನು ಸ್ಕ್ರೀನ್ ರೀಡರ್ ಇಂಗ್ಲಿಷ್ ಧ್ವನಿಯಲ್ಲಿ ಓದಲು ಯತ್ನಿಸಿ ತಡವರಿಸುತ್ತದೆ, ಕೆಲವೊಮ್ಮೆ ಬಿಟ್ಟೇಬಿಡುತ್ತದೆ.

ಬಟನ್ ಬೇಕಾದ ಕಡೆ ಎಚ್‌ಟಿಎಂಎಲ್‌ನ ಬಟನ್ ಟ್ಯಾಗನ್ನೇ ಬಳಸಿ. ಡಿವ್ ಎಂಬ ಬರೀ ಚೌಕಟ್ಟಿಗೆ ಬಣ್ಣ ಬಳಿದು ಕ್ಲಿಕ್ ಜೋಡಿಸಿದರೆ ಅದು ಬಟನ್‌ನಂತೆ ಕಾಣುತ್ತದೆ, ಆದರೆ ಟ್ಯಾಬ್‌ಗೆ ಸಿಗುವುದಿಲ್ಲ, ಎಂಟರ್‌ಗೆ ಓಗೊಡುವುದಿಲ್ಲ. ಬಟನ್ ಮೇಲೆ ಬಾಣದ ಚಿತ್ರ ಮಾತ್ರ ಇದ್ದರೆ "ಮುಂದಿನ ಪ್ರಶ್ನೆ" ಎಂಬ ಹೆಸರನ್ನೂ ಕೊಡಿ. ಬಹು ಆಯ್ಕೆಯ ಪ್ರಶ್ನೆಗೆ ರೇಡಿಯೊ ಬಟನ್‌ಗಳನ್ನು ಇಟ್ಟು, ಎಲ್ಲವನ್ನೂ ಫೀಲ್ಡ್‌ಸೆಟ್‌ನಲ್ಲಿ ಸೇರಿಸಿ, ಅಂದರೆ ಒಂದು ಗುಂಪು ಮಾಡಿ, ಪ್ರಶ್ನೆಯನ್ನು ಅದರ ಲೆಜೆಂಡ್ (ತಲೆಬರಹ) ಮಾಡಿ. ಆಗ ವಿದ್ಯಾರ್ಥಿ ಆಯ್ಕೆಗೆ ಬಂದಾಗ ಪ್ರಶ್ನೆಯೂ ಕೇಳಿಸುತ್ತದೆ. ಇಲ್ಲದಿದ್ದರೆ "ಗದಗ, 4ರಲ್ಲಿ 2" ಎಂದಷ್ಟೇ ಕೇಳಿಸುತ್ತದೆ, ಯಾವ ಪ್ರಶ್ನೆಗೆ ಎಂಬುದು ಗೊತ್ತಾಗುವುದಿಲ್ಲ.

ಉತ್ತರ ಸರಿಯೋ ತಪ್ಪೋ ಎಂದು ಹೇಳುವ ಜಾಗದಲ್ಲಿ ಬಹಳ ಮಂದಿ ಸೋಲುತ್ತಾರೆ. ಪರದೆಯ ಮೂಲೆಯಲ್ಲಿ ಹಸಿರು ಅಕ್ಷರ ಮೂಡಿದರೆ ಅಂಧ ವಿದ್ಯಾರ್ಥಿಗೆ ತಿಳಿಯುವ ಬಗೆ ಇಲ್ಲ. ಅದಕ್ಕೆ ಸ್ಟೇಟಸ್ ಪಾತ್ರ (ಬದಲಾದದ್ದನ್ನು ತಾನಾಗಿ ಓದಿಸುವ ಗುರುತು) ಕೊಟ್ಟ ಒಂದು ಜಾಗ ಬೇಕು. ಆ ಜಾಗ ಪುಟ ತೆರೆದಾಗಲೇ ಖಾಲಿಯಾಗಿ ಅಲ್ಲಿರಬೇಕು, ಫಲಿತಾಂಶವನ್ನು ನಂತರ ಅದರೊಳಗೆ ಬರೆಯಬೇಕು. ಜಾಗವನ್ನೂ ಮಾತನ್ನೂ ಒಟ್ಟಿಗೇ ಸೃಷ್ಟಿಸಿದರೆ ಅನೇಕ ಸಲ ಏನೂ ಕೇಳಿಸುವುದಿಲ್ಲ. "ಎಲ್ಲ ಸರಿಯಾಗಿ ಬರೆದಿದ್ದೇನೆ, ಆದರೂ ಓದುತ್ತಿಲ್ಲ" ಎನ್ನುವವರು ಮೊದಲು ಇದನ್ನು ನೋಡಲಿ.

ಇನ್ನು ಮೂರು ತಪ್ಪುಗಳು ಪದೇ ಪದೇ ಕಾಣುತ್ತವೆ. ಫೋಕಸ್ ಸುತ್ತಲಿನ ಗೆರೆ ಅಂದಗೆಡಿಸುತ್ತದೆ ಎಂದು ತೆಗೆಯುವುದು. ಟ್ಯಾಬ್ ಕೀಲಿಯ ಕ್ರಮ ಹೇಳುವ ಟ್ಯಾಬ್‌ಇಂಡೆಕ್ಸ್‌ಗೆ 1, 2, 3 ಎಂದು ಸಂಖ್ಯೆ ಕೊಟ್ಟು ಕ್ರಮವನ್ನು ಬಲವಂತದಿಂದ ಜೋಡಿಸುವುದು. ಕ್ರಮ ಹಂತ 5ರ ಪಟ್ಟಿಯಂತೆ ಕೋಡ್‌ನಲ್ಲೇ ಬರಬೇಕು. ಮೂರನೆಯದು ಇಡೀ ಪಾಠಕ್ಕೆ ಅಪ್ಲಿಕೇಷನ್ ಎಂಬ ಪಾತ್ರ ಹಚ್ಚುವುದು. ಅದನ್ನು ಹಚ್ಚಿದರೆ ಎಚ್, ಬಿ ಮುಂತಾದ ಒಂದಕ್ಷರದ ಕೀಲಿಗಳು ಅಲ್ಲಿ ನಡೆಯುವುದಿಲ್ಲ, ಬಾಣದ ಕೀಲಿಯಿಂದ ಪಠ್ಯ ಓದಲಾಗುವುದಿಲ್ಲ. ಹಳೆಯ ಪ್ಲಗ್‌ಇನ್ ಮಾಡುತ್ತಿದ್ದ ಅನ್ಯಾಯವನ್ನೇ ಹೊಸ ಕೋಡ್‌ನಲ್ಲಿ ಮತ್ತೆ ಮಾಡಿದಂತಾಗುತ್ತದೆ.

ಕೋಡ್ ಬರೆಯಲು ಬಾರದವರು ಎಚ್5ಪಿಯಂಥ ಉಚಿತ ಸಾಧನದಲ್ಲಿ ಬಹು ಆಯ್ಕೆಯ ಪ್ರಶ್ನೆಗಳನ್ನು ಮಾಡಬಹುದು, ಅವು ಕೀಬೋರ್ಡ್‌ಗೆ ಸಿಗುತ್ತವೆ. ಆದರೆ ಅದರ ಎಲ್ಲ ಬಗೆಯ ಚಟುವಟಿಕೆಗಳೂ ಒಂದೇ ಮಟ್ಟದಲ್ಲಿಲ್ಲ. ಬಗೆ ಆರಿಸುವ ಮೊದಲೇ ಒಂದು ಮಾದರಿ ಮಾಡಿ ಪರೀಕ್ಷಿಸಿಕೊಳ್ಳಿ.

ಹಂತ 7: ಎಳೆದು ಕೂರಿಸುವ ಆಟಗಳಿಗೆ ಇನ್ನೊಂದು ದಾರಿ ಕೊಡಿ

ಜಿಲ್ಲೆಗಳ ಹೆಸರನ್ನು ಎಳೆದು ಕರ್ನಾಟಕದ ನಕ್ಷೆಯಲ್ಲಿ ಕೂರಿಸುವ ಪಾಠವನ್ನು ತೆಗೆದುಕೊಳ್ಳಿ. ಕಣ್ಣು ಕಾಣದವರಿಗೆ ನಕ್ಷೆ ಇಲ್ಲ, ಕೈ ಸ್ವಾಧೀನ ಇಲ್ಲದವರಿಗೆ ಎಳೆಯಲಾಗುವುದಿಲ್ಲ. ಎಳೆಯದೆಯೂ ಅದೇ ಕೆಲಸ ಮಾಡುವ ದಾರಿ ಇರಬೇಕು ಎಂದು ಜಾಲತಾಣಗಳ ಅಂತರರಾಷ್ಟ್ರೀಯ ಮಾನದಂಡವಾದ ಡಬ್ಲ್ಯುಸಿಎಜಿಯ 2023ರ ಆವೃತ್ತಿ 2.2 ಹೇಳುತ್ತದೆ.

ಮೊದಲು ಪಾಠ ಕಲಿಸಲು ಹೊರಟದ್ದು ಏನು ಎಂದು ಕೇಳಿಕೊಳ್ಳಿ. ಮೌಸ್ ಎಳೆಯುವ ಕೌಶಲವನ್ನಲ್ಲ, ಯಾವ ಜಿಲ್ಲೆ ಎಲ್ಲಿದೆ ಎಂಬುದನ್ನು. ಅದನ್ನು ಮಾತಿನಲ್ಲಿ ಹೇಳಬಹುದು: ಧಾರವಾಡ ಜಿಲ್ಲೆಯ ಉತ್ತರಕ್ಕೆ ಬೆಳಗಾವಿ, ಪೂರ್ವಕ್ಕೆ ಗದಗ, ದಕ್ಷಿಣಕ್ಕೆ ಹಾವೇರಿ, ಪಶ್ಚಿಮಕ್ಕೆ ಉತ್ತರ ಕನ್ನಡ. ಈ ವಿವರಣೆಯನ್ನು ನಕ್ಷೆಯ ಕೆಳಗೆ ಎಲ್ಲರಿಗೂ ಕಾಣುವಂತೆ ಬರೆಯಿರಿ. ನಂತರ "ಧಾರವಾಡದ ದಕ್ಷಿಣಕ್ಕಿರುವ ಜಿಲ್ಲೆ" ಎಂಬ ಪ್ರಶ್ನೆಯ ಮುಂದೆ ಆಯ್ಕೆಪಟ್ಟಿ ಇಡಿ. ನೋಡಬಲ್ಲವರಿಗೆ ನಕ್ಷೆ ಇರಲಿ, ಅಲ್ಲೂ ಎಳೆಯುವ ಬದಲು ಹೆಸರನ್ನು ಒಮ್ಮೆ ಒತ್ತಿ, ಜಾಗವನ್ನು ಒಮ್ಮೆ ಒತ್ತಿದರೆ ಕೂರುವಂತೆ ಮಾಡಿ. ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಉದ್ದಗಲ ಇರಬೇಕು, 44 ಇದ್ದರೆ ಒಳ್ಳೆಯದು.

ಹೀಗೆ ಮತ್ತೆ ಕಟ್ಟುವಾಗ ವಿಷಯವನ್ನೂ ತಿದ್ದಿ. ಗದಗ, ಹಾವೇರಿ ಜಿಲ್ಲೆಗಳಾದ 1997ರ ನಂತರ, 2007ಕ್ಕೂ ಮೊದಲು ಮಾಡಿದ ಪಾಠಗಳಲ್ಲಿ ರಾಜ್ಯಕ್ಕೆ 27 ಜಿಲ್ಲೆ ಎಂದಿರುತ್ತದೆ. ಈಗ 31 ಇವೆ. ಅಂಧ ವಿದ್ಯಾರ್ಥಿಗೆ ಕಷ್ಟಪಟ್ಟು ದಾರಿ ಮಾಡಿಕೊಟ್ಟು ಹಳಸಿದ ಮಾಹಿತಿ ಕೊಡಬಾರದು.

ಹಂತ 8: ಅಣಕು ಪರೀಕ್ಷೆಯ ಗಡಿಯಾರ ಮತ್ತು ಬಣ್ಣದ ಚೌಕಗಳು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಸಾವಿರಾರು ಮಂದಿ ಧಾರವಾಡದಲ್ಲಿ ಕೋಣೆ ಹಿಡಿದು ಕುಳಿತಿರುತ್ತಾರೆ. ಅವರಲ್ಲಿ ದೃಷ್ಟಿ ವಿಕಲಚೇತನರೂ ಇದ್ದಾರೆ. ನೌಕರಿಯ ದಾರಿ ಇದೇ ಆದ್ದರಿಂದ ಇಲ್ಲಿನ ತಪ್ಪಿಗೆ ಬೆಲೆ ಹೆಚ್ಚು.

ಸೆಕೆಂಡಿಗೊಮ್ಮೆ ಬದಲಾಗುವ ಗಡಿಯಾರವನ್ನು ತಾನಾಗಿ ಓದಿಸುವ ಜಾಗದಲ್ಲಿ ಇಡುವುದು ಒಳ್ಳೆಯ ಮನಸ್ಸಿನಿಂದ ಮಾಡುವ ಕೆಟ್ಟ ಕೆಲಸ. "59 ನಿಮಿಷ 58 ಸೆಕೆಂಡ್, 59 ನಿಮಿಷ 57 ಸೆಕೆಂಡ್" ಎಂದು ಅದು ಕೂಗುತ್ತಲೇ ಇರುತ್ತದೆ, ಪ್ರಶ್ನೆಯ ಒಂದು ಪದವೂ ಕಿವಿಗೆ ಬೀಳುವುದಿಲ್ಲ. ಗಡಿಯಾರವನ್ನು ಸುಮ್ಮನಿರಿಸಿ. 10 ನಿಮಿಷ, 5 ನಿಮಿಷ, 1 ನಿಮಿಷ ಉಳಿದಾಗ ಮಾತ್ರ ಹೇಳಿಸಿ. ಬೇಕಾದಾಗ ಕೇಳಲು "ಉಳಿದ ಸಮಯ" ಎಂಬ ಬಟನ್ ಕೊಡಿ.

ಸಮಯವನ್ನು ಹೆಚ್ಚಿಸುವ ವ್ಯವಸ್ಥೆಯೂ ಇರಲಿ. ಕೇಂದ್ರ ಸರ್ಕಾರದ ಮಾರ್ಗಸೂಚಿಯ ಪ್ರಕಾರ ಅರ್ಹ ವಿಕಲಚೇತನ ಅಭ್ಯರ್ಥಿಗಳಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಸಿಗಬೇಕು. ಅಸಲಿ ಪರೀಕ್ಷೆಯಲ್ಲಿ 80 ನಿಮಿಷ ಸಿಗುವವರನ್ನು ಅಣಕು ಪರೀಕ್ಷೆಯಲ್ಲಿ 60ಕ್ಕೇ ಹೊರಗೆ ತಳ್ಳಿದರೆ ಅಭ್ಯಾಸವೇ ತಪ್ಪು ದಾರಿ ಹಿಡಿಯುತ್ತದೆ.

ಬದಿಯಲ್ಲಿರುವ ಪ್ರಶ್ನೆ ಸಂಖ್ಯೆಗಳ ಚೌಕಗಳಿಗೆ ಹಸಿರು, ಕೆಂಪು, ನೇರಳೆ ಬಣ್ಣ ಮಾತ್ರ ಇದ್ದರೆ ಸಾಲದು. ಕೆಂಪು, ಹಸಿರು ಬೇರೆ ಮಾಡಿ ನೋಡಲಾಗದ ವರ್ಣಾಂಧರೂ ಇಲ್ಲಿ ಸೋಲುತ್ತಾರೆ. ಪ್ರತಿ ಚೌಕದ ಹೆಸರಿನಲ್ಲೇ ಸ್ಥಿತಿ ಸೇರಿಸಿ: "ಪ್ರಶ್ನೆ 14, ಉತ್ತರಿಸಿಲ್ಲ". ನೋಡುವವರಿಗೆ ಬಣ್ಣದ ಜೊತೆ ಒಂದು ಗುರುತನ್ನೂ ಇಡಿ.

ಹಂತ 9: ಧ್ವನಿ, ವಿಡಿಯೊ, ಮಿಂಚು

ಗದುಗಿನ ವೀರೇಶ್ವರ ಪುಣ್ಯಾಶ್ರಮದಂಥ ಕಡೆ ಸಂಗೀತ ಕಲಿಯುವ ಅಂಧ ವಿದ್ಯಾರ್ಥಿಗೆ ಸ್ವರ ಗುರುತಿಸುವ ರಸಪ್ರಶ್ನೆಯೊಂದನ್ನು ಕೊಡುತ್ತೀರಿ ಎಂದುಕೊಳ್ಳಿ. ಪುಟ ತೆರೆದ ಕೂಡಲೇ ತಂಬೂರಿ ನುಡಿಯತೊಡಗಿದರೆ ಸ್ಕ್ರೀನ್ ರೀಡರಿನ ಮಾತು ಅದರಲ್ಲಿ ಮುಳುಗುತ್ತದೆ. ಕಂಟ್ರೋಲ್ ಕೀಲಿ ಒತ್ತಿದರೆ ಎನ್‌ವಿಡಿಎ ಸುಮ್ಮನಾಗುತ್ತದೆ, ತಂಬೂರಿ ನಿಲ್ಲುವುದಿಲ್ಲ. ಎನ್‌ವಿಡಿಎಯಲ್ಲಿ ತಾನು ಮಾತಾಡುವಾಗ ಬೇರೆ ಧ್ವನಿಗಳನ್ನು ತಗ್ಗಿಸುವ ಸೌಲಭ್ಯವಿದೆ. ಅದು ಚಾಲೂ ಇದ್ದರೆ ಗುರುತಿಸಬೇಕಾದ ಸ್ವರವೇ ತಗ್ಗಿಬಿಡುತ್ತದೆ.

ಆದ್ದರಿಂದ ಯಾವ ಧ್ವನಿಯೂ ತಾನಾಗಿ ಶುರುವಾಗಬಾರದು. "ಪ್ರಶ್ನೆ 3ರ ಸ್ವರ ಕೇಳಿ" ಎಂಬ ಬಟನ್ ಇಡಿ. ಒತ್ತಿದ ಮೇಲೆ ಅರೆಗಳಿಗೆ ಬಿಟ್ಟು ಸ್ವರ ಬರಲಿ, ಬಟನ್‌ನ ಹೆಸರು ಓದಿ ಮುಗಿದಿರುತ್ತದೆ. ಸ್ವರ ಮುಗಿಯುವವರೆಗೆ ಪುಟ ಬೇರೇನನ್ನೂ ಹೇಳಿಸಬಾರದು. ಮತ್ತೆ ಕೇಳಲು, ನಿಲ್ಲಿಸಲು ಅದೇ ಬಟನ್ ಸಾಕು.

ಕಿವಿ ಕೇಳದವರಿಗಾಗಿ ಪಾಠದ ವಿಡಿಯೊಗಳಿಗೆ ಕನ್ನಡ ಕ್ಯಾಪ್ಷನ್ ಹಾಕಿ. ಯಂತ್ರ ತಾನೇ ಬರೆದ ಕ್ಯಾಪ್ಷನ್ ಅನ್ನು ತಿದ್ದದೆ ಬಿಡಬೇಡಿ, ಪಾರಿಭಾಷಿಕ ಪದಗಳನ್ನು ಅದು ವಿಪರೀತ ಕೆಡಿಸುತ್ತದೆ. ಸರಿ ಉತ್ತರಕ್ಕೆ ಪರದೆ ತುಂಬ ನಕ್ಷತ್ರ ಮಿಂಚಿಸುವ ಹಳೆಯ ಅಲಂಕಾರವನ್ನು ಕಿತ್ತುಹಾಕಿ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿಂಚುವ ಬೆಳಕು ಕೆಲವರಿಗೆ ಮೂರ್ಛೆ ತರಿಸಬಲ್ಲದು.

ಹಂತ 10: ಪುಟದೊಳಗೆ ಕೂರಿಸುವಾಗ

ಹೊಸ ಪಾಠವನ್ನು ಬೇರೆ ಪುಟದಲ್ಲಿ ಐಫ್ರೇಮ್ (ಪುಟದೊಳಗಿನ ಪುಟ) ಆಗಿ ಕೂರಿಸುವುದಾದರೆ ಅದಕ್ಕೆ ಟೈಟಲ್ ಕೊಡಿ: "ಜಿಲ್ಲೆಗಳ ರಸಪ್ರಶ್ನೆ". ಟೈಟಲ್ ಇಲ್ಲದಿದ್ದರೆ ಬರೀ "ಫ್ರೇಮ್" ಎಂದೋ ಉದ್ದದ ವಿಳಾಸವನ್ನೋ ಓದುತ್ತದೆ. ಐಫ್ರೇಮ್‌ಗೆ ಟ್ಯಾಬ್‌ಇಂಡೆಕ್ಸ್ ಮೈನಸ್ 1 ಕೊಟ್ಟಿದ್ದರೆ ಒಳಗಿನ ಬಟನ್‌ಗಳು ಕೀಬೋರ್ಡ್‌ಗೆ ಸಿಗದೆ ಹೋಗುತ್ತವೆ, ಸಿದ್ಧ ಥೀಮ್‌ಗಳಲ್ಲಿ ಇದು ಅಡಗಿರುತ್ತದೆ. ಫ್ಲ್ಯಾಶ್ ಕಾಲದ 550 ಗುಣಿಸು 400 ಪಿಕ್ಸೆಲ್ ಅಳತೆಯನ್ನು ಹಾಗೆಯೇ ಉಳಿಸಬೇಡಿ. ಮಂದದೃಷ್ಟಿಯವರು ಬ್ರೌಸರನ್ನು 400 ಪ್ರತಿಶತ ಹಿಗ್ಗಿಸಿದಾಗಲೂ ಸಾಲುಗಳು ಪರದೆಯ ಅಗಲಕ್ಕೆ ಮಡಚಿಕೊಳ್ಳಬೇಕು, ಅಡ್ಡಕ್ಕೆ ಎಳೆದಾಡುವಂತಿರಬಾರದು.

ಹಂತ 11: ಬಳಸುವವರ ಪಕ್ಕದಲ್ಲಿ ಕುಳಿತು ನೋಡಿ

ನೀವು ಮಾನಿಟರ್ ಆಫ್ ಮಾಡಿ ಪರೀಕ್ಷಿಸಿದರೂ ಪರದೆಯ ಚಿತ್ರ ತಲೆಯಲ್ಲಿ ಇದ್ದೇ ಇರುತ್ತದೆ. ಸ್ಕ್ರೀನ್ ರೀಡರನ್ನು ದಿನವೂ ಬಳಸುವ ವಿದ್ಯಾರ್ಥಿಯೊಬ್ಬರನ್ನು ಕರೆದು, ಒಂದು ಕೆಲಸ ಕೊಟ್ಟು, ಸುಮ್ಮನೆ ಪಕ್ಕದಲ್ಲಿ ಕುಳಿತುಕೊಳ್ಳಿ. ಈ ಕೆಲಸಕ್ಕೆ ಅವರಿಗೆ ಸಂಭಾವನೆ ಕೊಡಿ, ಇದು ಪರಿಣತಿಯ ಕೆಲಸ.

"ಅಲ್ಲಿ ಟ್ಯಾಬ್ ಒತ್ತು" ಎಂದು ಹೇಳಿಕೊಡಬೇಡಿ. ಅವರು ಎಲ್ಲಿ ನಿಂತರು, ಎಲ್ಲಿ ಹಿಂದಕ್ಕೆ ಹೋದರು, ಯಾವ ಬಟನ್ ಹೆಸರನ್ನು ಎರಡು ಸಲ ಕೇಳಿಸಿಕೊಂಡರು ಎಂದು ಗುರುತು ಹಾಕಿಕೊಳ್ಳಿ. ಒಂದು ವಿಷಯಕ್ಕೆ ವಿಶೇಷವಾಗಿ ಕಿವಿಗೊಡಿ. "ಪರವಾಗಿಲ್ಲ ಸರ್, ಅಭ್ಯಾಸವಾಗುತ್ತದೆ" ಎಂದು ವಿದ್ಯಾರ್ಥಿ ಹೇಳಿದರೆ ಅಲ್ಲಿ ದೋಷವಿದೆ ಎಂದೇ ಅರ್ಥ. ಹೊಂದಿಕೊಂಡು ಹೋಗುವುದು ಅವರಿಗೆ ಅನಿವಾರ್ಯವಾಗಿ ರೂಢಿಯಾಗಿದೆ. ಆ ಸೌಜನ್ಯವನ್ನು ಒಪ್ಪಿಗೆ ಎಂದು ತಿಳಿಯಬೇಡಿ, "ಎಲ್ಲಿ ತಡವಾಯಿತು?" ಎಂದು ಮತ್ತೆ ಕೇಳಿ.

ಇದೇ ಪರೀಕ್ಷೆಯನ್ನು ಆಂಡ್ರಾಯ್ಡ್ ಮೊಬೈಲ್‌ನ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್‌ನಲ್ಲೂ ಮಾಡಿ. ಹಳ್ಳಿಯ ವಿದ್ಯಾರ್ಥಿಗಳ ಕೈಯಲ್ಲಿರುವುದು ಬಹುಪಾಲು ಮೊಬೈಲೇ. ಬಲಕ್ಕೆ ಸವರಿದರೆ ಮುಂದಿನ ವಸ್ತು, ಎರಡು ಸಲ ತಟ್ಟಿದರೆ ಒತ್ತಿದಂತೆ. ಸವರುತ್ತಾ ಹೋದಾಗ ಫೋಕಸ್ ನಕ್ಷೆಯೊಳಗೆ ಸಿಕ್ಕಿಕೊಂಡರೆ ಹಂತ 10ಕ್ಕೆ ಹಿಂದಿರುಗಿ.

ಜಾಲತಾಣ ನಿಮ್ಮದಲ್ಲದಿದ್ದರೆ

ಅರ್ಜಿಯ ತಾಣವೋ ಫಲಿತಾಂಶದ ತಾಣವೋ ನಿಮ್ಮ ವಿದ್ಯಾರ್ಥಿಗೆ ಸಿಗದಿದ್ದರೆ ದೂರು ಬರೆಯಿರಿ. "ತಾಣ ಸರಿಯಿಲ್ಲ" ಎಂದಷ್ಟೇ ಬರೆದರೆ ಏನೂ ಆಗುವುದಿಲ್ಲ. ಪುಟದ ವಿಳಾಸ, ದಿನಾಂಕ, ಬ್ರೌಸರ್ ಮತ್ತು ಸ್ಕ್ರೀನ್ ರೀಡರಿನ ಹೆಸರು ಹಾಗೂ ಆವೃತ್ತಿ, ಒತ್ತಿದ ಕೀಲಿಗಳು, ಏನು ಕೇಳಿಸಬೇಕಿತ್ತು, ಏನು ಕೇಳಿಸಿತು, ಇವಿಷ್ಟೂ ಇರಲಿ. ಸ್ಪೀಚ್ ವ್ಯೂವರಿನ ಪಠ್ಯವನ್ನು ನಕಲಿಸಿ ಲಗತ್ತಿಸಿ, ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ವಿದ್ಯುನ್ಮಾನ ಮಾಧ್ಯಮದ ವಿಷಯಗಳು ವಿಕಲಚೇತನರಿಗೆ ಸಿಗುವಂತಿರಬೇಕು ಎಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ಹೇಳುತ್ತದೆ. ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ನೀಡಿದೆ. ಎರಡನ್ನೂ ಪತ್ರದಲ್ಲಿ ನಮೂದಿಸಿ. ಮೊದಲು ತಾಣ ನಡೆಸುವವರಿಗೆ ಕಳುಹಿಸಿ, ಅದರ ಪ್ರತಿಯನ್ನು ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗೆ ಕೊಡಿ. ಉತ್ತರ ಬರದಿದ್ದರೆ ಅದೇ ಕಾಗದಗಳೊಂದಿಗೆ ಬೆಂಗಳೂರಿನ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಿ. ಅರ್ಜಿಯ ಕೊನೆಯ ದಿನಾಂಕ ಹತ್ತಿರವಿದ್ದರೆ ಅದನ್ನು ಪತ್ರದ ಮೊದಲ ಸಾಲಿನಲ್ಲೇ ಬರೆಯಿರಿ, ತಾಣ ಸರಿಯಾಗುವವರೆಗೆ ಬೇರೆ ರೀತಿಯಲ್ಲಿ ಅರ್ಜಿ ಸ್ವೀಕರಿಸುವಂತೆಯೂ ಕೇಳಿ.